ಕರಾಚಿ ಮುಚ್ಚಿದರೆ ಹಾಸನದಿಂದ ಲಂಡನ್ ಎಷ್ಟು ದೂರ?

ತಿಂಗಳ ಮೂರನೇ ವಾರ ಬಂತೆಂದರೆ ಪತ್ರಿಕೆಯ ಒಳಪುಟದಲ್ಲಿ ಅದೇ ಸುದ್ದಿ ಮತ್ತೆ ಕಾಣುತ್ತದೆ. ಭಾರತದ ವಿಮಾನಗಳಿಗೆ ಪಾಕಿಸ್ತಾನದ ಆಕಾಶ ಇನ್ನೊಂದು ತಿಂಗಳು ಬಂದ್. ಅದರ ಹಿಂದೆಯೇ ಭಾರತದ ಕಡೆಯಿಂದಲೂ ಅಂಥದ್ದೇ ಆದೇಶ. ಮಗನೋ ಮಗಳೋ ಇಂಗ್ಲೆಂಡಿನಲ್ಲಿರುವ ಹಾಸನ, ಚಿಕ್ಕಮಗಳೂರಿನ ಮನೆಗಳಲ್ಲಿ ಇದನ್ನು ಓದಿದವರಿಗೆ ಏಳುವ ಪ್ರಶ್ನೆ ಸರಳ. ಹಾಗಾದರೆ ಪ್ರಯಾಣ ಎಷ್ಟು ಗಂಟೆ ಜಾಸ್ತಿಯಾಯಿತು? ಟಿಕೆಟ್ ದರ ಏರಿದ್ದು ಇದಕ್ಕೇನಾ?

ಮೊಬೈಲ್‌ನಲ್ಲಿ ಹುಡುಕಿದರೆ ಗೊಂದಲ ಇನ್ನೂ ಹೆಚ್ಚುತ್ತದೆ. ಬೆಂಗಳೂರಿನಿಂದ ಲಂಡನ್ನಿಗೆ ಸುಮಾರು 8,050 ಕಿ.ಮೀ. ಎಂದು ಒಂದು ಕಡೆ ಇರುತ್ತದೆ. ದೊಡ್ಡ ವಿಮಾನದ ವೇಗ ಗಂಟೆಗೆ ಸುಮಾರು 900 ಕಿ.ಮೀ. ಭಾಗಿಸಿದರೆ ಒಂಬತ್ತು ಗಂಟೆ ಬರಬೇಕು. ಟಿಕೆಟ್‌ನಲ್ಲಿ ಹೋಗುವುದಕ್ಕೆ ಹತ್ತೂಮುಕ್ಕಾಲು ಗಂಟೆಯ ಆಸುಪಾಸು, ಬರುವುದಕ್ಕೆ ಹತ್ತರ ಆಸುಪಾಸು ಎಂದಿರುತ್ತದೆ. ಅದೇ ಟಿಕೆಟ್‌ನಲ್ಲಿ ಅಚ್ಚಾದ ಹೊರಡುವ ಮತ್ತು ತಲುಪುವ ಸಮಯ ನೋಡಿ ಬೆರಳೆಣಿಸಿದರೆ ಹೋಗಲು ಐದೂಕಾಲು, ಬರಲು ಹದಿನೈದೂವರೆ ಗಂಟೆ! ಇಷ್ಟೂ ಸಂಖ್ಯೆಗಳು ತಮ್ಮ ತಮ್ಮ ಲೆಕ್ಕದಲ್ಲಿ ಸರಿಯೇ.

ಸುದ್ದಿಯ ಪ್ರಶ್ನೆಗೆ ಉತ್ತರವನ್ನು ಮೊದಲೇ ಹೇಳಿಬಿಡಬಹುದು. ಬೆಂಗಳೂರಿನಿಂದ ನೇರವಾಗಿ ಲಂಡನ್ನಿಗೆ ಹೋಗುವ ವಿಮಾನಕ್ಕೆ ಪಾಕಿಸ್ತಾನದ ನಿರ್ಬಂಧದಿಂದ ಬೀಳುವ ಸುತ್ತು ತೀರಾ ಚಿಕ್ಕದು. ಏಟು ಬಿದ್ದಿರುವುದು ದೆಹಲಿಗೆ. ನಮ್ಮ ಕಡೆಯವರಿಗೂ ಅದರ ಬಿಸಿ ತಟ್ಟುತ್ತದೆ, ಆದರೆ ಬಳಸು ದಾರಿಯಲ್ಲಿ.

ಹಳೇ ಸುದ್ದಿ ಹೊಸದಾಗುವುದು ಹೇಗೆ

2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಉಗ್ರರ ದಾಳಿ ನಡೆಯಿತು. ಎರಡು ದಿನದ ನಂತರ, ಏಪ್ರಿಲ್ 24ರಂದು, ಪಾಕಿಸ್ತಾನ ತನ್ನ ವಾಯುಪ್ರದೇಶವನ್ನು ಭಾರತದ ವಿಮಾನಗಳಿಗೆ ಮುಚ್ಚಿತು. ಏಪ್ರಿಲ್ 30ರಂದು ಭಾರತವೂ ಪಾಕಿಸ್ತಾನದ ವಿಮಾನಗಳಿಗೆ ಬಾಗಿಲು ಹಾಕಿತು.

ಇಂಥ ಆದೇಶವನ್ನು ಪೈಲಟ್‌ಗಳಿಗೆ ತಿಳಿಸುವ ಸೂಚನೆಗೆ ನೋಟಾಮ್ ಎನ್ನುತ್ತಾರೆ. ಅದನ್ನು ಒಮ್ಮೆಗೆ ಸುಮಾರು ಒಂದು ತಿಂಗಳ ಮಟ್ಟಿಗೆ ಹೊರಡಿಸಿ, ಮುಗಿಯುವ ಹೊತ್ತಿಗೆ ಮತ್ತೆ ಮುಂದಕ್ಕೆ ಹಾಕುತ್ತಾ ಬಂದಿದ್ದಾರೆ. ಹಾಗಾಗಿ ತಿಂಗಳು ತಿಂಗಳು ಹೊಸ ಸುದ್ದಿಯಂತೆ ಕಾಣುವುದು ನಿಜವಾಗಿ ಹಳೆಯ ನಿರ್ಬಂಧದ ನವೀಕರಣ ಅಷ್ಟೇ. 'ಮತ್ತೆ ಮುಚ್ಚಿದರಂತೆ' ಎಂದು ಗಾಬರಿಯಾಗುವ ಅಗತ್ಯವಿಲ್ಲ. ತೆರೆದಿದ್ದರೆ ತಾನೇ ಮತ್ತೆ ಮುಚ್ಚುವುದು!

ಇನ್ನೊಂದು ಅಂಶ ಸುದ್ದಿಯ ತಲೆಬರಹದಲ್ಲಿ ಕಾಣುವುದಿಲ್ಲ. ಈ ನಿರ್ಬಂಧ ಭಾರತಕ್ಕೆ ಹಾರುವ ಎಲ್ಲ ವಿಮಾನಗಳಿಗೂ ಅಲ್ಲ. ಭಾರತದಲ್ಲಿ ನೋಂದಣಿಯಾದ, ಅಥವಾ ಭಾರತದ ಸಂಸ್ಥೆಗಳು ಹಾರಿಸುವ, ಬಾಡಿಗೆಗೆ ಪಡೆದ ವಿಮಾನಗಳಿಗೆ ಮಾತ್ರ. ಬೆಂಗಳೂರಿನಿಂದಲೇ ಹೊರಟರೂ ಬ್ರಿಟಿಷ್ ಏರ್‌ವೇಸ್ ವಿಮಾನ ಕರಾಚಿ ಮೇಲೆ ಹೋಗಬಹುದು, ಏರ್ ಇಂಡಿಯಾ ವಿಮಾನ ಹೋಗುವಂತಿಲ್ಲ. ಒಳಗೆ ಕೂತ ಪ್ರಯಾಣಿಕರು ಯಾವ ದೇಶದವರು ಎಂಬುದನ್ನು ಯಾರೂ ಕೇಳುವುದಿಲ್ಲ. ವಿಮಾನ ಯಾರದ್ದು ಎಂಬುದಷ್ಟೇ ಮುಖ್ಯ.

ಗ್ಲೋಬ್ ಮೇಲೆ ಒಂದು ದಾರ

ಶಾಲೆಯ ಗೋಡೆಯ ಭೂಪಟದಲ್ಲಿ ಬೆಂಗಳೂರಿನಿಂದ ಲಂಡನ್ನಿಗೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಅದು ಅತಿ ಹತ್ತಿರದ ದಾರಿ ಅಲ್ಲ. ದುಂಡಗಿನ ಭೂಮಿಯನ್ನು ಚಪ್ಪಟೆ ಮಾಡಿದಾಗ ದೂರಗಳು ಸೊಟ್ಟಗಾಗುತ್ತವೆ. ಸರಿಯಾದ ದಾರಿ ಬೇಕೆಂದರೆ ಗ್ಲೋಬ್ ತೆಗೆದುಕೊಂಡು ಎರಡು ಊರಿನ ನಡುವೆ ಒಂದು ದಾರವನ್ನು ಬಿಗಿಯಾಗಿ ಎಳೆಯಬೇಕು. ದಾರ ಎಲ್ಲಿ ಕೂರುತ್ತದೋ ಅದೇ ಅತಿ ಕಡಿಮೆ ದೂರ. ಮೊಬೈಲ್ ತೋರಿಸುವ 8,050 ಕಿ.ಮೀ. ಈ ದಾರದ ಉದ್ದ.

ಆ ದಾರ ಯಾವ ಯಾವ ಊರಿನ ಮೇಲೆ ಹೋಗುತ್ತದೆ ಎಂದು ಲೆಕ್ಕ ಹಾಕಿ ನೋಡಿದರೆ ಇಡೀ ಸಮಸ್ಯೆ ಕಣ್ಣೆದುರು ನಿಲ್ಲುತ್ತದೆ. ಬೆಂಗಳೂರಿನಿಂದ ವಾಯವ್ಯಕ್ಕೆ ಹೊರಟು, ಮುಂಬೈ ಪಕ್ಕದ ಸಮುದ್ರ ಮುಟ್ಟಿ, ದಿಯು ಹತ್ತಿರ ಹಾದು, ಹೆಚ್ಚುಕಡಿಮೆ ಕರಾಚಿಯ ನೆತ್ತಿಯ ಮೇಲೇ ಹೋಗುತ್ತದೆ. ಅಲ್ಲಿಂದ ಬಲೂಚಿಸ್ತಾನ, ಇರಾನ್, ಅಜರ್‌ಬೈಜಾನ್, ಜಾರ್ಜಿಯಾ. ಮುಂದೆ ಕಪ್ಪು ಸಮುದ್ರ, ಕ್ರಿಮಿಯಾ, ಉಕ್ರೇನಿನ ಒಡೆಸಾ ಕಡೆ. ಆಮೇಲೆ ಮಧ್ಯ ಯುರೋಪ್ ದಾಟಿ ಲಂಡನ್.

ಇಷ್ಟು ಹೆಸರು ಓದುವಾಗಲೇ ಗೊತ್ತಾಗುತ್ತದೆ. ಪಾಕಿಸ್ತಾನ ಭಾರತದ ವಿಮಾನಗಳಿಗೆ ಬಂದ್. ಉಕ್ರೇನಿನ ಆಕಾಶ 2022ರ ಫೆಬ್ರವರಿ 24ರಂದು ಯುದ್ಧ ಶುರುವಾದಾಗಿನಿಂದ ಯಾರಿಗೂ ಇಲ್ಲ. ನಡುವೆ ಇರಾನ್, ಯಾವಾಗ ಮುಚ್ಚುತ್ತದೋ ಹೇಳಲಾಗದು. ಅಂದರೆ 8,050 ಕಿ.ಮೀ. ಎನ್ನುವ ದಾರಿಯಲ್ಲಿ ಇವತ್ತು ಬ್ರಿಟಿಷ್ ವಿಮಾನವೂ ಪೂರ್ತಿ ಹೋಗಲಾಗದು. ಅದು ಪುಸ್ತಕದ ದೂರ.

ಶಿರಾಡಿ ಮುಚ್ಚಿದರೆ ಯಾರಿಗೆ ಕಷ್ಟ

ಮಳೆಗಾಲದಲ್ಲಿ ದೋಣಿಗಾಲ್ ಹತ್ತಿರ ಗುಡ್ಡ ಕುಸಿದು ಶಿರಾಡಿ ಘಾಟಿ ಬಂದ್ ಆದರೆ ಏನಾಗುತ್ತದೆ ಎಂದು ಈ ಭಾಗದವರಿಗೆ ಬಿಡಿಸಿ ಹೇಳಬೇಕಿಲ್ಲ. ಸಕಲೇಶಪುರದಿಂದ ಮಂಗಳೂರಿಗೆ ಹೊರಟವರು ಸುತ್ತಿ ಸುತ್ತಿ ಸಾಕಾಗುತ್ತಾರೆ. ಚಿಕ್ಕಮಗಳೂರಿನವರು ಹೇಗೂ ಮೂಡಿಗೆರೆ, ಕೊಟ್ಟಿಗೆಹಾರ ಮೇಲೆ ಚಾರ್ಮಾಡಿ ಇಳಿಯುವವರು. ಅವರಿಗೆ ದಾರಿ ಬದಲಾಗುವುದಿಲ್ಲ, ಸುಮ್ನೆ ಲಾರಿಗಳ ಸಾಲು ಉದ್ದವಾಗುತ್ತದೆ. ಬಂದ್ ಆಗಿರುವುದು ಒಂದೇ ರಸ್ತೆ. ಕಷ್ಟ ಮಾತ್ರ ನೀವು ಎಲ್ಲಿಂದ ಹೊರಟಿದ್ದೀರಿ ಎಂಬುದರ ಮೇಲೆ.

ಆಕಾಶದಲ್ಲೂ ಅಷ್ಟೇ. ದೆಹಲಿ ಇಲ್ಲಿ ಸಕಲೇಶಪುರ ಇದ್ದ ಹಾಗೆ. ಅಲ್ಲಿಂದ ಪಶ್ಚಿಮಕ್ಕೆ ಹೊರಟ ವಿಮಾನಕ್ಕೆ ಸ್ವಲ್ಪ ಹೊತ್ತಿನಲ್ಲೇ ಪಾಕಿಸ್ತಾನದ ಗಡಿ ಎದುರಾಗುತ್ತದೆ. ಈಗ ಅದು ದಕ್ಷಿಣಕ್ಕೆ ತಿರುಗಿ ಗುಜರಾತ್‌ವರೆಗೆ ಇಳಿದು, ಕಛ್‌ನ ಕೆಳಗೆ ಅರಬ್ಬಿ ಸಮುದ್ರ ಸೇರಿ, ಒಮಾನ್ ಕಡೆ ಹೋಗಿ, ಅಲ್ಲಿಂದ ಯುರೋಪಿನ ದಾರಿ ಹಿಡಿಯಬೇಕು. ದೆಹಲಿ–ಲಂಡನ್ ನೇರ ದೂರ ಸುಮಾರು 6,730 ಕಿ.ಮೀ. ಮಸ್ಕತ್ ಸುತ್ತಿ ಹೋದರೆ 8,000ದ ಹತ್ತಿರ. ಸಾವಿರದ ಇನ್ನೂರು ಕಿಲೋಮೀಟರಿಗೂ ಮೀರಿದ ಸುತ್ತು!

ಬೆಂಗಳೂರಿನದ್ದು ಚಿಕ್ಕಮಗಳೂರಿನ ಕಥೆ. ಇಲ್ಲಿಂದ ಹೊರಟ ವಿಮಾನ ಮೊದಲಿನಿಂದಲೂ ಅರಬ್ಬಿ ಸಮುದ್ರದ ಮೇಲೇ ಹೋಗುವಂಥದ್ದು. ಮೂಗನ್ನು ಸ್ವಲ್ಪ ಎಡಕ್ಕೆ ತಿರುಗಿಸಿದರೆ ಕರಾಚಿ ಬದಲು ಮಸ್ಕತ್ ಸಿಗುತ್ತದೆ. ಬೆಂಗಳೂರು–ಮಸ್ಕತ್ ಸುಮಾರು 2,350, ಮಸ್ಕತ್–ಲಂಡನ್ ಸುಮಾರು 5,840. ಕೂಡಿದರೆ 8,190 ಕಿ.ಮೀ. ನೇರ ದಾರಕ್ಕಿಂತ ಜಾಸ್ತಿಯಾಗುವುದು ನೂರೈವತ್ತು ಕಿಲೋಮೀಟರಿಗೂ ಕಡಿಮೆ. ಹತ್ತು ನಿಮಿಷದ ಮಾತು. ಮೇಲಾಗಿ ಮಸ್ಕತ್‌ನಿಂದ ಲಂಡನ್ನಿಗೆ ಎಳೆದ ದಾರ ಟರ್ಕಿ, ರುಮೇನಿಯಾ ಮೇಲೆ ಹೋಗುವುದರಿಂದ ಉಕ್ರೇನ್ ತಾನಾಗಿಯೇ ತಪ್ಪುತ್ತದೆ.

ಇವು ಗೋಳದ ಮೇಲೆ ಹಾಕಿದ ಲೆಕ್ಕ. ನಿಜವಾದ ವಿಮಾನ ದಿನದ ಗಾಳಿ, ದಟ್ಟಣೆ ನೋಡಿ ಅತ್ತಿತ್ತ ಹೋಗುತ್ತದೆ. ಆದರೆ ಅಂತರದ ಅಂದಾಜಿಗೆ ಇಷ್ಟು ಸಾಕು. ಮೊದಲು ಲಂಡನ್ನಿಗೆ ದೆಹಲಿ ಬೆಂಗಳೂರಿಗಿಂತ 1,300 ಕಿ.ಮೀ. ಹತ್ತಿರ ಇತ್ತು. ಭಾರತದ ವಿಮಾನ ಹತ್ತಿದರೆ ಈಗ ಆ ಅಂತರ ಇನ್ನೂರರ ಆಸುಪಾಸಿಗೆ ಇಳಿದಿದೆ. ಹಾಸನದಿಂದ ಬೆಂಗಳೂರಿಗೆ ಹೋದಷ್ಟು.

ಹಾಗಾಗಿ 'ಪಾಕಿಸ್ತಾನದಿಂದಾಗಿ ಪ್ರಯಾಣ ಒಂದೂವರೆ ಗಂಟೆ ಜಾಸ್ತಿ' ಎಂಬ ಸುದ್ದಿ ದೆಹಲಿಯವರಿಗೆ ನಿಜ. ದೆಹಲಿ ಮೇಲೆ ಹೋಗುವ ಟಿಕೆಟ್ ಮಾಡಿಸಿದ ಹಾಸನದವರಿಗೂ ನಿಜ. ಬೆಂಗಳೂರಿನಿಂದ ನೇರ ವಿಮಾನ ಹತ್ತುವವರಿಗೆ ಅಲ್ಲ.

ಹೋಗುವಾಗ ಜಾಸ್ತಿ, ಬರುವಾಗ ಕಡಿಮೆ

ಹಾಗಾದರೆ ಹೋಗುವ ಮತ್ತು ಬರುವ ಸಮಯದಲ್ಲಿ ಮುಕ್ಕಾಲು, ಒಂದು ಗಂಟೆ ವ್ಯತ್ಯಾಸ ಯಾಕೆ? ಇದಕ್ಕೂ ರಾಜಕೀಯಕ್ಕೂ ಸಂಬಂಧವಿಲ್ಲ. ಇದು ಗಾಳಿಯ ಕೆಲಸ.

ಒಂಬತ್ತರಿಂದ ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ, ನಮಗಿಂತ ಉತ್ತರದ ಅಕ್ಷಾಂಶಗಳಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿಯ ಹೊಳೆಯೊಂದು ಹರಿಯುತ್ತದೆ. ಜೆಟ್ ಸ್ಟ್ರೀಮ್ ಎಂದು ಅದರ ಹೆಸರು. ಚಳಿಗಾಲದಲ್ಲಿ ಅದರ ರಭಸ ಹೆಚ್ಚು. ಲಂಡನ್ನಿಗೆ ಹೋಗುವ ವಿಮಾನ ಅದಕ್ಕೆ ಎದುರಾಗಿ ಈಜಬೇಕು, ಬರುವ ವಿಮಾನ ಅದರ ಜೊತೆ ತೇಲಿ ಬರುತ್ತದೆ. ದಾರಿಯುದ್ದಕ್ಕೂ ಸರಾಸರಿ ಗಂಟೆಗೆ 50 ಕಿ.ಮೀ. ಗಾಳಿ ಎಂದು ಇಟ್ಟುಕೊಳ್ಳಿ. ಹೋಗುವಾಗ ನೆಲದ ಲೆಕ್ಕದಲ್ಲಿ ವೇಗ 850, ಬರುವಾಗ 950. 8,190 ಕಿಲೋಮೀಟರಿಗೆ ಒಂದು ಗಂಟೆ ಅಂತರ ಬಂದೇಬಿಟ್ಟಿತು, ಅಲ್ವಾ? 2020ರ ಫೆಬ್ರವರಿಯಲ್ಲಿ ಅಟ್ಲಾಂಟಿಕ್ ಮೇಲೆ ಈ ಗಾಳಿ ಎಷ್ಟು ಜೋರಾಗಿತ್ತೆಂದರೆ ನ್ಯೂಯಾರ್ಕ್‌ನಿಂದ ಹೊರಟ ಬ್ರಿಟಿಷ್ ಏರ್‌ವೇಸ್ ವಿಮಾನವೊಂದು 4 ಗಂಟೆ 56 ನಿಮಿಷದಲ್ಲಿ ಲಂಡನ್ ಮುಟ್ಟಿತು.

ಭೂಮಿ ತಿರುಗುವುದರಿಂದ ಇದು ತಿರುಗುಮುರುಗಾಗಬೇಕಿತ್ತು ಎಂದು ಕೆಲವರು ಹೇಳುವುದುಂಟು. ಭೂಮಿ ಪೂರ್ವಕ್ಕೆ ತಿರುಗುತ್ತಿದ್ದರೆ ಪಶ್ಚಿಮಕ್ಕೆ ಹೋಗುವ ವಿಮಾನಕ್ಕೆ ಊರೇ ಎದುರು ಬರಬೇಕಲ್ಲ ಎಂಬುದು ಅವರ ವಾದ. ಭೂಮಿಯ ಜೊತೆ ಗಾಳಿಯೂ ತಿರುಗುತ್ತದೆ, ಆ ಗಾಳಿಯೊಳಗಿನ ವಿಮಾನವೂ. ಓಡುವ ರೈಲಿನ ಬೋಗಿಯೊಳಗೆ ನೊಣ ಹಾರಿದ ಹಾಗೆ. ನೊಣ ಮುಂದಿನ ಸೀಟಿಗೆ ಹಾರಿದರೂ ಹಿಂದಿನ ಸೀಟಿಗೆ ಹಾರಿದರೂ ರೈಲಿನ ವೇಗದಿಂದ ಅದಕ್ಕೆ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಇನ್ನು ಐದೂಕಾಲು, ಹದಿನೈದೂವರೆ ಗಂಟೆಯ ಮಾಯೆ. ಟಿಕೆಟ್‌ನಲ್ಲಿ ಹೊರಡುವ ಸಮಯ ಹೊರಡುವ ಊರಿನದ್ದು, ತಲುಪುವ ಸಮಯ ತಲುಪುವ ಊರಿನದ್ದು. ಚಳಿಗಾಲದಲ್ಲಿ ಲಂಡನ್ ನಮಗಿಂತ ಐದೂವರೆ ಗಂಟೆ ಹಿಂದೆ. ಮಧ್ಯಾಹ್ನ ಒಂದಕ್ಕೆ ಬೆಂಗಳೂರು ಬಿಟ್ಟು ಹತ್ತೂಮುಕ್ಕಾಲು ಗಂಟೆ ಹಾರಿದರೆ ನಮ್ಮ ಗಡಿಯಾರದಲ್ಲಿ ರಾತ್ರಿ ಹನ್ನೆರಡಕ್ಕೆ ಕಾಲು ಗಂಟೆ ಬಾಕಿ. ಅಲ್ಲಿ ಸಂಜೆ ಆರೂಕಾಲು. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಅವರು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದರಿಂದ ಅಂತರ ನಾಲ್ಕೂವರೆಗೆ ಇಳಿಯುತ್ತದೆ. ಆಗ ಅದೇ ವಿಮಾನ 'ಒಂದು ಗಂಟೆ ತಡವಾಗಿ' ತಲುಪಿದಂತೆ ಕಾಣುತ್ತದೆ. ತಡ ಏನೂ ಆಗಿರುವುದಿಲ್ಲ.

ಅಚ್ಚಾದ ಅವಧಿಯಲ್ಲಿ ಗೇಟ್ ಬಿಟ್ಟು ರನ್‌ವೇ ತಲುಪುವ, ಇಳಿದ ಮೇಲೆ ಮತ್ತೆ ಗೇಟ್ ಸೇರುವ ಹೊತ್ತೂ ಸೇರಿರುತ್ತದೆ. ಏರುವಾಗ, ಇಳಿಯುವಾಗ ವಿಮಾನ 900ರ ವೇಗದಲ್ಲಿ ಇರುವುದಿಲ್ಲ. ಲಂಡನ್ನಿನ ಹೀತ್ರೂ ನಿಲ್ದಾಣದ ಮೇಲೆ ಸರದಿಗಾಗಿ ಗಿರಕಿ ಹೊಡೆಯುವುದೂ ಮಾಮೂಲಿ. ಭಾಗಾಕಾರದ ಒಂಬತ್ತು ಗಂಟೆಗೂ ಟಿಕೆಟ್‌ನ ಹತ್ತೂಮುಕ್ಕಾಲಿಗೂ ನಡುವಿನ ಹೊತ್ತು ಹೀಗೆ ಹಂಚಿಹೋಗುತ್ತದೆ.

ಒಂದು ಗಂಟೆಯ ಬೆಲೆ

ಕಾರು ಇಪ್ಪತ್ತು ಕಿಲೋಮೀಟರ್ ಸುತ್ತಿದರೆ ಇಪ್ಪತ್ತು ಕಿಲೋಮೀಟರಿನ ಪೆಟ್ರೋಲ್ ಜಾಸ್ತಿ ಖರ್ಚಾಗುತ್ತದೆ, ಅಷ್ಟೇ. ವಿಮಾನದ ಲೆಕ್ಕ ಬೇರೆ. ಬೋಯಿಂಗ್ 787 ವಿಮಾನ ಗಂಟೆಗೆ ಸುಮಾರು 5 ಟನ್ ಇಂಧನ ಸುಡುತ್ತದೆ. ಒಂದು ಗಂಟೆ ಜಾಸ್ತಿ ಹಾರಬೇಕೆಂದರೆ ಆ 5 ಟನ್ನನ್ನು ಮೊದಲ ನಿಮಿಷದಿಂದಲೇ ಹೊತ್ತುಕೊಂಡು ಹೋಗಬೇಕು. ಹೊರುವುದಕ್ಕೂ ಇಂಧನ ಬೇಕಲ್ಲ! ಹೆಚ್ಚುವರಿ ಹೊತ್ತ ತೂಕದಲ್ಲಿ ನೂರಕ್ಕೆ ಮೂರರಿಂದ ನಾಲ್ಕರಷ್ಟು ಪ್ರತಿ ಗಂಟೆಗೂ ಹೊರುವುದಕ್ಕೇ ಕರಗುತ್ತದೆ ಎಂಬುದು ವಿಮಾನಯಾನದವರ ರೂಢಿಯ ಅಂದಾಜು. ದೆಹಲಿಯಿಂದ ಅಮೆರಿಕಕ್ಕೆ ಹದಿನೈದು ಹದಿನಾರು ಗಂಟೆ ಹಾರುವ ವಿಮಾನಕ್ಕೆ ಇದು ಸಣ್ಣದಲ್ಲ.

ಮೇಲೇರುವಾಗಿನ ತೂಕಕ್ಕೆ ಮಿತಿ ಇದೆ. ಇಂಧನ ಹೆಚ್ಚಾದರೆ ಸರಕನ್ನೋ ಪ್ರಯಾಣಿಕರನ್ನೋ ಇಳಿಸಬೇಕು. ಇಲ್ಲವೇ ದಾರಿಯಲ್ಲಿ ನಿಲ್ಲಿಸಿ ತುಂಬಿಸಿಕೊಳ್ಳಬೇಕು. 2025ರ ಏಪ್ರಿಲ್ ನಂತರ ಏರ್ ಇಂಡಿಯಾದ ಕೆಲವು ಅಮೆರಿಕ ವಿಮಾನಗಳು ವಿಯೆನ್ನಾ, ಕೋಪನ್‌ಹೇಗನ್‌ನಲ್ಲಿ ಇಳಿದು ಇಂಧನ ಹಾಕಿಸಿಕೊಂಡದ್ದು ಇದೇ ಕಾರಣಕ್ಕೆ. ಪೈಲಟ್‌ಗಳ ಕೆಲಸದ ಗಂಟೆಗೂ ಕಾನೂನಿನ ಮಿತಿ ಇರುವುದರಿಂದ ಹೆಚ್ಚು ಸಿಬ್ಬಂದಿ ಬೇಕು.

ಇಲ್ಲಿಂದಲೇ ಬಿಸಿ ಬೆಂಗಳೂರಿಗೂ ಹರಿದು ಬರುತ್ತದೆ. ಒಂದು ವಿಮಾನ ದೆಹಲಿ–ಲಂಡನ್ ಹೋಗಿಬರಲು ಎರಡು ಮೂರು ಗಂಟೆ ಹೆಚ್ಚು ತೆಗೆದುಕೊಂಡರೆ ವಾರಕ್ಕೆ ಅದು ಮಾಡುವ ಟ್ರಿಪ್ ಕಡಿಮೆಯಾಗುತ್ತದೆ. ದೊಡ್ಡ ವಿಮಾನಗಳು ಇಂತಿಷ್ಟೇ ಇರುವಾಗ ಎಲ್ಲೋ ಒಂದು ಕಡೆ ಕತ್ತರಿ ಬೀಳಲೇಬೇಕು. 2025ರ ಜೂನ್‌ನಲ್ಲಿ ಅಹಮದಾಬಾದ್ ದುರಂತದ ನಂತರ ಏರ್ ಇಂಡಿಯಾ ದೊಡ್ಡ ವಿಮಾನಗಳ ಅಂತರರಾಷ್ಟ್ರೀಯ ಹಾರಾಟವನ್ನು ಸುಮಾರು ಶೇ 15ರಷ್ಟು ತಾತ್ಕಾಲಿಕವಾಗಿ ಇಳಿಸಿತು. ಸುರಕ್ಷತಾ ತಪಾಸಣೆಯ ಜೊತೆಗೆ ಆಕಾಶದ ನಿರ್ಬಂಧಗಳನ್ನೂ ಕಾರಣವಾಗಿ ಕೊಟ್ಟಿತು. ಆಗ ಬೆಂಗಳೂರು–ಲಂಡನ್ ವಾರಕ್ಕೆ ಏಳರಿಂದ ಆರಕ್ಕೆ ಬಂತು. ಸೆಪ್ಟೆಂಬರ್ 1ರಿಂದ ದೆಹಲಿ–ವಾಷಿಂಗ್ಟನ್ ವಿಮಾನವೇ ನಿಂತಿತು. ಸೀಟು ಕಡಿಮೆ, ಕೇಳುವವರು ಅಷ್ಟೇ. ದರ ಏರದೆ ಇರುತ್ತದೆಯೇ? ನಿಮ್ಮ ವಿಮಾನ ಹತ್ತೇ ನಿಮಿಷ ಸುತ್ತಿದರೂ ದೆಹಲಿಯ ಸುತ್ತಿನ ಪಾಲು ನಿಮ್ಮ ಟಿಕೆಟ್‌ನಲ್ಲೂ ಸೇರುವುದು ಹೀಗೆ.

ಯಾರ ವಾದ ಏನು

ನಿರ್ಬಂಧ ಒಂದು ವರ್ಷ ಮುಂದುವರಿದರೆ ಸುಮಾರು 60 ಕೋಟಿ ಡಾಲರ್, ಅಂದರೆ ಐದು ಸಾವಿರ ಕೋಟಿ ರೂಪಾಯಿಯ ಆಸುಪಾಸು, ಹೆಚ್ಚುವರಿ ಹೊರೆ ಬೀಳುತ್ತದೆ ಎಂದು ಏರ್ ಇಂಡಿಯಾ ಅಂದಾಜು ಮಾಡಿ ಸರ್ಕಾರದ ನೆರವು ಕೇಳಿತ್ತು. ಭದ್ರತೆಯ ನಿರ್ಧಾರದ ಖರ್ಚನ್ನು ಕಂಪನಿ ಒಂದೇ ಯಾಕೆ ಹೊರಬೇಕು ಎಂಬುದು ಅದರ ವಾದ. ಇದು ಸುಮ್ನೆ ಗೊಣಗಾಟ ಅಲ್ಲ. ಬಾಲಾಕೋಟ್ ವಾಯುದಾಳಿಯ ನಂತರ 2019ರ ಫೆಬ್ರವರಿ 27ರಿಂದ ಜುಲೈ 16ರವರೆಗೆ ಪಾಕಿಸ್ತಾನ ಹೀಗೆಯೇ ಆಕಾಶ ಮುಚ್ಚಿದ್ದಾಗ, ಜುಲೈ 2ರ ಹೊತ್ತಿಗೇ ಏರ್ ಇಂಡಿಯಾಕ್ಕೆ 491 ಕೋಟಿ ರೂಪಾಯಿ ನಷ್ಟವಾಗಿದೆ ಎಂದು ಸರ್ಕಾರ ರಾಜ್ಯಸಭೆಗೆ ತಿಳಿಸಿತ್ತು.

ಇದಕ್ಕೆ ಎದುರು ವಾದವೂ ಇದೆ. ವಿಮಾನ ಉದ್ಯಮದಲ್ಲಿ ಇಂಧನ ದರ, ಯುದ್ಧ, ರೋಗ ಎಲ್ಲವೂ ವ್ಯಾಪಾರದ ಅಪಾಯಗಳೇ. ಖಾಸಗಿ ಕಂಪನಿಯ ನಷ್ಟವನ್ನು ತೆರಿಗೆ ಹಣದಿಂದ ತುಂಬಿಸಿದರೆ ನಾಳೆ ಇನ್ನೊಬ್ಬರು ಕೈಚಾಚುತ್ತಾರೆ. ಇದರಲ್ಲೂ ಹುರುಳಿದೆ. ಆದರೆ ಇಲ್ಲಿ ಒಂದು ತೊಡಕು. ಇಂಧನ ದರ ಏರಿದರೆ ಎಲ್ಲ ಕಂಪನಿಗೂ ಏರುತ್ತದೆ. ಈ ನಿರ್ಬಂಧ ಭಾರತದ ಕಂಪನಿಗಳಿಗೆ ಮಾತ್ರ. ದೆಹಲಿಯಿಂದ ಹೊರಡುವ ವಿದೇಶಿ ಕಂಪನಿ ಹತ್ತಿರದ ದಾರಿಯಲ್ಲಿ ಹೋಗಿ ಅದೇ ಪ್ರಯಾಣಿಕರನ್ನು ಸೆಳೆಯಬಹುದು. ಸಹಾಯಧನ ಕೊಡುವುದೋ ಬಿಡುವುದೋ ಬೇರೆ ಮಾತು, ಇದನ್ನು ಮಾಮೂಲಿ ವ್ಯಾಪಾರದ ಅಪಾಯ ಎನ್ನುವುದು ಸರಿಯಲ್ಲ.

ಪಾಕಿಸ್ತಾನಕ್ಕೂ ಇದು ಪುಕ್ಕಟೆಯಲ್ಲ. ಒಂದು ದೇಶದ ಮೇಲೆ ಹಾರುವ ವಿಮಾನ ಆ ದೇಶಕ್ಕೆ ಶುಲ್ಕ ಕಟ್ಟಬೇಕು, ನೆಲಮಂಗಲದ ಟೋಲ್ ಇದ್ದ ಹಾಗೆ. 2025ರ ಏಪ್ರಿಲ್ 24ರಿಂದ ಜೂನ್ 30ರವರೆಗೆ ತಮ್ಮ ರೂಪಾಯಿಯಲ್ಲಿ 410 ಕೋಟಿ ಆದಾಯ ಖೋತಾ ಆಗಿದೆ ಎಂದು ಅಲ್ಲಿನ ಸರ್ಕಾರವೇ ಸಂಸತ್ತಿಗೆ ಹೇಳಿತು. 2025ರ ಮೇ ಮೊದಲ ವಾರದಲ್ಲಿ ಲುಫ್ತಾನ್ಸಾ, ಏರ್ ಫ್ರಾನ್ಸ್ ಕೂಡ ತಾವಾಗಿಯೇ ಆ ಆಕಾಶ ಬಿಟ್ಟು ಸುತ್ತಿ ಹಾರಿದ್ದವು. ಇಬ್ಬರೂ ಕಳೆದುಕೊಳ್ಳುತ್ತಿದ್ದಾರೆ. ಯಾರು ಮೊದಲು ತೆರೆಯುತ್ತಾರೆ ಎಂಬುದು ಹಣದ ಲೆಕ್ಕಕ್ಕಿಂತ ಮುಖ ಉಳಿಸಿಕೊಳ್ಳುವ ಲೆಕ್ಕ.

ಕಾನೂನಿನಲ್ಲಿ ಇದನ್ನು ತಡೆಯಲು ಆಗುವುದಿಲ್ಲವೇ? 1944ರ ಷಿಕಾಗೊ ಒಪ್ಪಂದದ ಮೊದಲ ವಿಧಿಯೇ ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಮೇಲೆ ಪೂರ್ತಿ ಹಕ್ಕು ಕೊಡುತ್ತದೆ. ಇತಿಹಾಸದಲ್ಲಿ ಪಾತ್ರಗಳು ಅದಲುಬದಲಾದದ್ದೂ ಉಂಟು. 1971ರ ಜನವರಿ 30ರಂದು 'ಗಂಗಾ' ಎಂಬ ಭಾರತದ ವಿಮಾನವನ್ನು ಅಪಹರಿಸಿ ಲಾಹೋರಿಗೆ ಒಯ್ದು ಸುಟ್ಟ ಮೇಲೆ ಭಾರತವೇ ಪಾಕಿಸ್ತಾನದ ವಿಮಾನಗಳಿಗೆ ಆಕಾಶ ಮುಚ್ಚಿತು. ಆಗ ಕರಾಚಿಯಿಂದ ಪೂರ್ವ ಪಾಕಿಸ್ತಾನದ ಢಾಕಾಕ್ಕೆ ಹೋಗುವವರು ಕೊಲಂಬೊ ಸುತ್ತಿ ಹತ್ತಿರ ಹತ್ತಿರ ಎರಡರಷ್ಟು ದೂರ ಹಾರಬೇಕಾಯಿತು. ವಿವಾದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಂಡಳಿಗೆ ಹೋಯಿತು. ಅದನ್ನು ವಿಚಾರಿಸುವ ಅಧಿಕಾರ ಮಂಡಳಿಗೆ ಇದೆಯೋ ಇಲ್ಲವೋ ಎಂಬ ಒಂದೇ ಪ್ರಶ್ನೆ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ತೀರ್ಮಾನವಾಗಲು 1972ರ ಆಗಸ್ಟ್ ಬಂತು. ಅಷ್ಟರಲ್ಲಿ ಢಾಕಾ ಬೇರೆ ದೇಶದ ರಾಜಧಾನಿಯಾಗಿತ್ತು.

ನಮ್ಮ ಕಡೆಯವರು ನೋಡಬೇಕಾದ್ದು ಇರಾನ್

ಬೆಂಗಳೂರಿನ ವಿಮಾನಕ್ಕೆ ನಿಜವಾದ ಇಕ್ಕಟ್ಟು ಇರುವುದು ಕರಾಚಿಯಲ್ಲಿ ಅಲ್ಲ, ಕೊಲ್ಲಿಯಲ್ಲಿ. ಮಸ್ಕತ್ ದಾಟಿದ ಮೇಲೆ ಹತ್ತಿರದ ದಾರಿ ಇರಾನ್ ಮೇಲೆ. ಅದೂ ಮುಚ್ಚಿದರೆ ಸೌದಿ ಅರೇಬಿಯಾ ದಾಟಿ ಕೈರೋ ಕಡೆ ಹೋಗಿ ಮೆಡಿಟರೇನಿಯನ್ ಸಮುದ್ರದ ಮೇಲೆ ಲಂಡನ್ ಸೇರಬೇಕು. ಆ ದಾರಿ ಸುಮಾರು 8,630 ಕಿ.ಮೀ. ನೇರ ದಾರಕ್ಕಿಂತ ಹೆಚ್ಚುಕಡಿಮೆ 580 ಕಿ.ಮೀ., ಸಮಯದಲ್ಲಿ ನಲವತ್ತು ನಿಮಿಷ ಜಾಸ್ತಿ. ಪಾಕಿಸ್ತಾನದ ಹತ್ತು ನಿಮಿಷಕ್ಕೆ ಇದನ್ನು ಹೋಲಿಸಿ ನೋಡಿ. ಇರಾನ್ ಮುಚ್ಚಿದರೆ ಬ್ರಿಟಿಷ್ ವಿಮಾನವೂ ಸುತ್ತಲೇಬೇಕು.

ನಮ್ಮ ಕಡೆಯ ಬಹಳ ಜನ ಹೋಗುವುದೇ ದುಬೈ, ದೋಹಾ, ಅಬುಧಾಬಿಯಲ್ಲಿ ವಿಮಾನ ಬದಲಿಸಿ. 2025ರ ಜೂನ್ 13ರಂದು ಇಸ್ರೇಲ್–ಇರಾನ್ ಕಾದಾಟ ಶುರುವಾದಾಗ ಇರಾನ್ ಆಕಾಶ ಮುಚ್ಚಿತು, ಭಾರತದಿಂದ ಹೊರಟಿದ್ದ ಕೆಲವು ವಿಮಾನಗಳು ಅರ್ಧ ದಾರಿಯಿಂದ ವಾಪಸಾದವು. ಜೂನ್ 23ರಂದು ಕತಾರ್ ತನ್ನ ಆಕಾಶವನ್ನು ಕೆಲವು ಗಂಟೆ ಮುಚ್ಚಿದ್ದಕ್ಕೇ ದೋಹಾ ಮೇಲೆ ಹೋಗಬೇಕಿದ್ದವರು ಎಲ್ಲೆಲ್ಲೋ ಸಿಕ್ಕಿಕೊಂಡರು. ಅಲ್ಲಿ ಕೆಲವು ಗಂಟೆ ಬಂದ್ ಆದರೂ ಸಾಲು ಬಿಡಿಸಲು ದಿನಗಳು ಬೇಕು. ಇಂಗ್ಲೆಂಡಿಗೆ ಟಿಕೆಟ್ ಮಾಡಿಸಿರುವ ಮೂಡಿಗೆರೆಯವರಿಗೆ ಇಸ್ಲಾಮಾಬಾದ್‌ಗಿಂತ ತೆಹ್ರಾನ್ ಸುದ್ದಿಯೇ ಹೆಚ್ಚು ಮುಖ್ಯ.

ಅಮೆರಿಕದ ಕಥೆ ಬೇರೆ

ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ 13,993 ಕಿ.ಮೀ., ಭೂಮಿಯ ಸುತ್ತಳತೆಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಮೇಲೆ ಈ ವಿಮಾನವನ್ನು ಬೆಂಗಳೂರಿಗೆ ತಂದದ್ದು ದೊಡ್ಡ ಸುದ್ದಿಯಾಗಿತ್ತು. ಗ್ಲೋಬ್ ಮೇಲಿನ ದಾರ ಇಲ್ಲಿ ನೇಪಾಳ, ಟಿಬೆಟ್, ಸೈಬೀರಿಯಾ ಮೇಲೆ ಕೂರುತ್ತದೆ, ಪಾಕಿಸ್ತಾನದ ಹತ್ತಿರವೂ ಸುಳಿಯುವುದಿಲ್ಲ. ಟಿಬೆಟ್ ತೊಡಕಾಗುವುದು ಎತ್ತರಕ್ಕೆ. ವಿಮಾನದೊಳಗೆ ಗಾಳಿಯ ಒತ್ತಡ ಕೈಕೊಟ್ಟರೆ ಪೈಲಟ್ ಬೇಗನೆ ಹತ್ತು ಸಾವಿರ ಅಡಿಯ ಹತ್ತಿರಕ್ಕೆ ಇಳಿಯಬೇಕು. ಅಲ್ಲಿ ನೆಲವೇ ಅದಕ್ಕಿಂತ ಮೇಲಿದೆ.

ಸೈಬೀರಿಯಾ ವಿಷಯದಲ್ಲಿ ಭಾರತಕ್ಕೆ ಲಾಭ. 2022ರಿಂದ ಅಮೆರಿಕ, ಬ್ರಿಟನ್, ಯುರೋಪಿನ ಕಂಪನಿಗಳಿಗೆ ರಷ್ಯಾದ ಆಕಾಶ ಇಲ್ಲ, ಭಾರತದವರಿಗೆ ಇದೆ. ಯುನೈಟೆಡ್ ಏರ್‌ಲೈನ್ಸ್ ಘೋಷಿಸಿದ್ದ ಸ್ಯಾನ್ ಫ್ರಾನ್ಸಿಸ್ಕೊ–ಬೆಂಗಳೂರು ನೇರ ವಿಮಾನ ಹಾರಲೇ ಇಲ್ಲ.  

ನೆಲದ ಮೇಲಿನ ಏಳು ಗಂಟೆ

ಹಾಸನದಿಂದ ಬೆಂಗಳೂರಿಗೆ 185 ಕಿ.ಮೀ. ಚನ್ನರಾಯಪಟ್ಟಣ, ಬೆಳ್ಳೂರು ಕ್ರಾಸ್, ಕುಣಿಗಲ್ ದಾಟಿ ನೆಲಮಂಗಲದವರೆಗೆ ಸರಾಗ. ಅಲ್ಲಿಂದ ದೇವನಹಳ್ಳಿ ಸೇರುವುದೇ ಇನ್ನೊಂದು ಪ್ರಯಾಣ. ಊರೊಳಗೆ ಹೆಬ್ಬಾಳದ ಮೇಲೆ ಹೋದರೂ, ದೊಡ್ಡಬಳ್ಳಾಪುರ ಕಡೆ ಸುತ್ತಿದರೂ ಒಟ್ಟು ನಾಲ್ಕು ನಾಲ್ಕೂವರೆ ಗಂಟೆ ಇಟ್ಟುಕೊಳ್ಳಬೇಕು. ಮೂರು ಗಂಟೆ ಮೊದಲು ಹಾಜರಿರಬೇಕು. ಅಂದರೆ ವಿಮಾನ ನೆಲ ಬಿಡುವ ಮುಂಚೆಯೇ ಏಳು ಗಂಟೆ ಕಳೆದಿರುತ್ತದೆ. ಚಿಕ್ಕಮಗಳೂರಿನವರಿಗೆ ಎಂಟರ ಮೇಲೆ. ಕರಾಚಿ ಸುತ್ತಿದ ಹತ್ತು ನಿಮಿಷ ಗೊರಗುಂಟೆಪಾಳ್ಯದ ಒಂದು ಸಿಗ್ನಲ್‌ನಲ್ಲಿ ಕಳೆದುಹೋಗುತ್ತದೆ.

ಬೂವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಬೇಕೆಂಬ ಹಾಸನದ ಆಸೆ ದಶಕಗಳದ್ದು. ಅದು ಬಂದರೂ ಅಲ್ಲಿಂದ ಲಂಡನ್ನಿಗೆ ವಿಮಾನ ಬರುವುದಿಲ್ಲ. ಬೆಂಗಳೂರಿಗೋ ಹೈದರಾಬಾದಿಗೋ ಸಣ್ಣ ವಿಮಾನ ಬರಬಹುದು. ಶಿವಮೊಗ್ಗದ ಸೋಗಾನೆಯಲ್ಲಿ 3.2 ಕಿ.ಮೀ. ರನ್‌ವೇ ಇದ್ದರೂ 2023ರ ಆಗಸ್ಟ್ 31ರಂದು ಬಂದಿಳಿದ ಮೊದಲ ಪ್ರಯಾಣಿಕ ವಿಮಾನ ಬೆಂಗಳೂರಿನದ್ದೇ. ರನ್‌ವೇ ಉದ್ದ ಇದ್ದ ಮಾತ್ರಕ್ಕೆ ದೂರದ ವಿಮಾನ ಬರುವುದಿಲ್ಲ, ದಿನವೂ ಅದನ್ನು ತುಂಬುವಷ್ಟು ಜನ ಬೇಕು. ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಮಂಗಳೂರು ಹತ್ತಿರ, ಅಲ್ಲಿಂದ ಕೊಲ್ಲಿ ದೇಶಗಳಿಗೆ ವಿಮಾನವೂ ಇದೆ. ಘಾಟಿ ತೆರೆದಿರಬೇಕು, ಕೊಲ್ಲಿಯೂ ತೆರೆದಿರಬೇಕು.

ಹೀಗೆ ಎರಡು ವಿಮಾನ ಜೋಡಿಸುವವರು ಒಂದು ವಿಷಯ ನೋಡಿಕೊಳ್ಳಬೇಕು. ಮಂಗಳೂರು–ದುಬೈ ಒಂದು ಟಿಕೆಟ್, ದುಬೈ–ಲಂಡನ್ ಇನ್ನೊಂದು ಟಿಕೆಟ್ ಎಂದು ಬೇರೆ ಬೇರೆ ಕೊಂಡರೆ ಅಗ್ಗ ಎನಿಸಬಹುದು. ಮೊದಲ ವಿಮಾನ ಆಕಾಶ ಮುಚ್ಚಿ ತಡವಾದರೆ ಎರಡನೆಯ ಕಂಪನಿ ಅದಕ್ಕೆ ಹೊಣೆಯಲ್ಲ, ಸೀಟು ಹೋಯಿತು ಎಂದೇ ಲೆಕ್ಕ. ಎರಡೂ ಒಂದೇ ಬುಕಿಂಗ್ ನಂಬರಿನಲ್ಲಿದ್ದರೆ ಮುಂದಿನ ವಿಮಾನ ಹತ್ತಿಸುವ ಕೆಲಸ ಕಂಪನಿಯದ್ದು. ದೆಹಲಿ ಮೇಲೆ ಹೋಗುವುದಾದರೆ ಟಿಕೆಟ್‌ನಲ್ಲಿ ಒಟ್ಟು ಅವಧಿ ಮಾತ್ರ ನೋಡದೆ, ದೆಹಲಿಯಿಂದ ಮುಂದಕ್ಕೆ ಯಾವ ಕಂಪನಿಯ ವಿಮಾನ ಹಾರುತ್ತದೆ ಎಂಬುದನ್ನೂ ಓದಿ. ಎರಡು ಕಂಪನಿಗಳು ಸೀಟು ಹಂಚಿಕೊಂಡಾಗ ಟಿಕೆಟ್ ಒಬ್ಬರದ್ದು, ವಿಮಾನ ಇನ್ನೊಬ್ಬರದ್ದು ಆಗಿರುತ್ತದೆ. ಕರಾಚಿ ಮೇಲೆ ಹೋಗುತ್ತೀರೋ ಕಛ್ ಸುತ್ತುತ್ತೀರೋ ಎಂಬುದು ಸಣ್ಣ ಅಕ್ಷರದ ಆ ಸಾಲಿನಲ್ಲಿರುತ್ತದೆ.